ಮರೂನ್ ಟೋಪಿಯ ಹಿಂದೆ: ನಮ್ಮ ಸೇನೆಯ ಪ್ಯಾರಾಚೂಟ್ ರೆಜಿಮೆಂಟ್

(ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ, ಈ ಎಐ ಬಗ್ಗೆ ಏನಾದರೂ ಹೇಳಪ್ಪಾ" ಅಂದಿದ್ದರು. ಅದನ್ನು ಹೇಳುವವರು ಈಗ ಎಲ್ಲ ಕಡೆ ಇದ್ದಾರೆ. ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನಲ್ಲಿ ಇಬ್ಬರು ಬಿ.ಇ. ಮಾಡಿದೆವು, ನಾಲ್ವರು ಸೈನ್ಯ ಸೇರಿದರು. ಊರಿಗೆ ಬಂದರೆ ನಮ್ಮಿಬ್ಬರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೀರಿ. ಆ ನಾಲ್ವರ ಬಗ್ಗೆ ಕಟ್ಟೆಯ ಮೇಲೆ ಕೇಳಿಬರುವ ಮಾತು ಬೇರೆ: "ಸಾಲಿ ತಲೀಗೆ ಹತ್ತಲಿಲ್ಲ, ಮಿಲಿಟರಿಗೆ ಹ್ವಾದ." ಈ ಮಾತು ನನಗೆ ಬಹಳ ದಿನಗಳಿಂದ ಚುಚ್ಚುತ್ತಿದೆ. ಅದಕ್ಕೇ ಇವತ್ತು ಸೇನೆಯೊಳಗೇ ಆಯ್ದ ಪಡೆ ಎನಿಸಿಕೊಂಡ ಒಂದು ರೆಜಿಮೆಂಟಿನ ಕಥೆ ಹೇಳುತ್ತೇನೆ. ಅಲ್ಲಿ ಎಂಥ ತಲೆ ಬೇಕಾಗುತ್ತದೆ ಎಂದು ನೀವೇ ನೋಡಿ.

ಬೆಂಗಳೂರಿನ ಜೆ.ಸಿ. ನಗರದ ಕಡೆ ಹೋದವರು ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರದ ಗೇಟು ನೋಡಿರಬಹುದು. ಆಗ್ರಾದಲ್ಲಿದ್ದ ಈ ಕೇಂದ್ರ 1992ರಲ್ಲಿ ಬೆಂಗಳೂರಿಗೆ ಬಂತು. ವಿಮಾನದಿಂದ ಜಿಗಿಯುವುದನ್ನು ಕಲಿಸುವುದು ಈಗಲೂ ಆಗ್ರಾದಲ್ಲೇ, ವಾಯುಪಡೆಯ ಶಾಲೆಯಲ್ಲಿ. ಐದು ಸಲ ಜಿಗಿಯಬೇಕು, ಅದರಲ್ಲಿ ಒಂದು ರಾತ್ರಿಯ ಜಿಗಿತ. ಆಮೇಲೆ ಎದೆಗೆ ರೆಕ್ಕೆಯ ಬಿಲ್ಲೆ ಸಿಗುತ್ತದೆ. ತಲೆಯ ಮೇಲಿನ ಮರೂನ್ ಬಣ್ಣದ ಟೋಪಿ ಈ ಪಡೆಯ ಗುರುತು.

ಶುರುವಾದದ್ದು ಬ್ರಿಟಿಷರ ಕಾಲದಲ್ಲಿ. ಎರಡನೇ ಮಹಾಯುದ್ಧದ ನಡುವೆ, 1941ರ ಅಕ್ಟೋಬರಿನಲ್ಲಿ, ದೆಹಲಿಯಲ್ಲಿ 50ನೇ ಪ್ಯಾರಾಚೂಟ್ ಬ್ರಿಗೇಡ್ ಕಟ್ಟಿದರು. ಒಂದು ಬೆಟಾಲಿಯನ್ ಬ್ರಿಟಿಷರದ್ದು, ಒಂದು ಭಾರತೀಯರದ್ದು, ಒಂದು ಗೂರ್ಖರದ್ದು. ಸೈನ್ಯದಲ್ಲಿ ಉಳಿದೆಲ್ಲ ಕೆಲಸ ಹುಕುಂ ಮೇಲೆ ನಡೆಯುತ್ತದೆ. ಇಲ್ಲಿಗೆ ಮಾತ್ರ ತಾನಾಗಿ ಕೈ ಎತ್ತಿದವನೇ ಬರಬೇಕು, ಆ ಪದ್ಧತಿ ಇವತ್ತಿಗೂ ಇದೆ. ಹೀಗೆ ಜಿಗಿಯಲೆಂದೇ ಕಟ್ಟಿದ ಬ್ರಿಗೇಡಿಗೆ ದೊಡ್ಡ ಪರೀಕ್ಷೆ ಬಂದದ್ದು ನೆಲದ ಮೇಲೆ ಎಂಬುದು ತಮಾಷೆ. 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ, ಕುಡಿಯುವ ನೀರಿಗೂ ತತ್ವಾರವಿದ್ದ ಜಾಗದಲ್ಲಿ, ಜಪಾನಿಯರ ದೊಡ್ಡ ಪಡೆಯನ್ನು ಕೆಲವು ದಿನ ತಡೆದು ನಿಂತರು. ವಿಮಾನದಿಂದ ಇಳಿಬಿಟ್ಟ ಸಾಮಾನುಗಳಲ್ಲಿ ಬಹುಪಾಲು ಶತ್ರುವಿನ ಕಡೆಗೇ ಬಿದ್ದವು. ಕೊನೆಗೆ ಹಿಂದೆ ಸರಿಯಬೇಕಾಯಿತು. ಆದರೆ ಅಷ್ಟು ದಿನದ ಬಿಡುವು ಸಿಕ್ಕಿದ್ದರಿಂದಲೇ ಕೊಹಿಮಾ, ಇಂಫಾಲದಲ್ಲಿ ಸಿದ್ಧತೆ ಮಾಡಿಕೊಳ್ಳಲು ಆಯಿತು.

ಇನ್ನು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್. ಮಕ್ಕಳು ಈ ಹೆಸರು ಬರೆದುಕೊಳ್ಳಿ. ಹುಟ್ಟಿದ್ದು 1912ರಲ್ಲಿ, ಉತ್ತರ ಪ್ರದೇಶದ ಬೀಬೀಪುರ ಎಂಬ ಹಳ್ಳಿಯಲ್ಲಿ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು ಬಲೂಚ್ ರೆಜಿಮೆಂಟ್ ಸೇರಿದರು. ದೇಶ ಇಬ್ಭಾಗವಾದಾಗ ಆ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು, ಉಸ್ಮಾನ್ ಭಾರತದಲ್ಲೇ ಉಳಿದರು. 1947ರ ಡಿಸೆಂಬರ್ 24ರಂದು ಜಮ್ಮು ಪ್ರಾಂತ್ಯದ ಝಂಗರ್ ಎಂಬ ಊರು ನಮ್ಮ ಕೈ ತಪ್ಪಿತು. ನೌಶೇರಾದಲ್ಲಿದ್ದ 50ನೇ ಪ್ಯಾರಾ ಬ್ರಿಗೇಡಿನ ಹೊಣೆ ಹೊತ್ತ ಉಸ್ಮಾನ್, ಝಂಗರ್ ವಾಪಸು ಬರುವವರೆಗೆ ಮಂಚದ ಮೇಲೆ ಮಲಗುವುದಿಲ್ಲ ಎಂದು ಪಣ ತೊಟ್ಟರು. ಅದು ಜನವರಿಯ ಚಳಿ, ಗುಡ್ಡಗಾಡು. ಬ್ರಿಗೇಡಿಯರ್ ಅಂದರೆ ಸಾವಿರಾರು ಜನರ ಮೇಲಿನ ಅಧಿಕಾರಿ. ಅಂಥವರು ನೆಲಕ್ಕೆ ಚಾಪೆ ಹಾಸಿಕೊಂಡು ಮಲಗಿದರು. ಜವಾನರಿಗೆ ಭಾಷಣ ಬೇಕಾಗಲಿಲ್ಲ, ಚಾಪೆ ಕಾಣುತ್ತಿತ್ತಲ್ಲ!

ಫೆಬ್ರವರಿ 6ರಂದು ನೌಶೇರಾದ ಮೇಲೆ ಬಂದ ದೊಡ್ಡ ದಾಳಿಯನ್ನು ಹಿಮ್ಮೆಟ್ಟಿಸಿದರು. ಮಾರ್ಚ್ 18ರಂದು ಝಂಗರ್ ಮರಳಿ ಬಂತು. ಆಗ ಪಕ್ಕದ ಹಳ್ಳಿಯಿಂದ ಒಂದು ಮಂಚ ತರಿಸಿದರಂತೆ, ಬ್ರಿಗೇಡಿಯರ್ ಸಾಹೇಬರು ಅವತ್ತು ರಾತ್ರಿ ಅದರ ಮೇಲೆ ಮಲಗಿದರು. ಆ ಮಂಚದ ಸುಖ ಬಹಳ ದಿನ ಇರಲಿಲ್ಲ. ಜುಲೈ 3ರಂದು ಅದೇ ಝಂಗರ್‌ನಲ್ಲಿ ಫಿರಂಗಿಯ ಶೆಲ್ ಸಿಡಿದು ತೀರಿಕೊಂಡರು. ಮೂವತ್ತಾರು ತುಂಬಲು ಇನ್ನೂ ಹನ್ನೆರಡು ದಿನ ಇತ್ತು. ಅಂದರೆ ನನ್ನದೇ ವಯಸ್ಸು. ದೆಹಲಿಯ ಜಾಮಿಯಾ ಮಿಲಿಯಾ ಆವರಣದಲ್ಲಿ ಅವರ ಸಮಾಧಿ ಇದೆ, ಅಂತ್ಯಕ್ರಿಯೆಗೆ ಪ್ರಧಾನಿ ನೆಹರೂ ಬಂದಿದ್ದರು. ಮರಣೋತ್ತರವಾಗಿ ಮಹಾವೀರ ಚಕ್ರ ಕೊಟ್ಟರು.

ಪ್ಯಾರಾಚೂಟ್ ರೆಜಿಮೆಂಟ್ ಎಂಬ ಹೆಸರಿನಲ್ಲಿ ಈಗಿರುವ ರೂಪ ಬಂದದ್ದು 1952ರಲ್ಲಿ. ಬೇರೆ ಬೇರೆ ರೆಜಿಮೆಂಟುಗಳಲ್ಲಿದ್ದ ಪ್ಯಾರಾ ಬೆಟಾಲಿಯನ್‌ಗಳನ್ನು ಒಂದೇ ಸೂರಿನಡಿ ತಂದರು. ಪಂಜಾಬ್ ರೆಜಿಮೆಂಟಿನದು 1 ಪ್ಯಾರಾ ಆಯಿತು, ಕುಮಾವೂನಿನದು 3 ಪ್ಯಾರಾ. 2 ಪ್ಯಾರಾ ಎಲ್ಲಿಂದ ಬಂತು ಗೊತ್ತೇ? ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ. ಅದರ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊರಿಯಾದ ಕಥೆ. ಇಂಜಿನಿಯರ್ ಆದ್ದರಿಂದ ಇರಬಹುದು. 1950ರಲ್ಲಿ ಕೊರಿಯಾದಲ್ಲಿ ಯುದ್ಧ ಶುರುವಾದಾಗ ಭಾರತ ಹೋರಾಡುವ ಪಡೆ ಕಳಿಸಲಿಲ್ಲ, ಗಾಯಾಳುಗಳ ಆರೈಕೆಗೆಂದು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಕಳಿಸಿತು. ವೈದ್ಯರೇ, ಆದರೆ ಜಿಗಿಯಲು ಕಲಿತವರು. ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಪ್ಯಾರಾಚೂಟಿನಲ್ಲಿ ಜಿಗಿದ ಭಾರತೀಯ ಸೈನಿಕರಲ್ಲಿ ಮೊದಲಿಗರು ಇದೇ ಡಾಕ್ಟರು. ಇವರು ಹೋಗಿ ತಲುಪುವಷ್ಟರಲ್ಲಿ ಚೀನಾದ ಸೈನ್ಯ ಯುದ್ಧಕ್ಕಿಳಿದು, ವಿಶ್ವಸಂಸ್ಥೆಯ ಪಡೆಗಳು ಪ್ಯೊಂಗ್‌ಯಾಂಗ್ ಬಿಟ್ಟು ದಕ್ಷಿಣಕ್ಕೆ ಓಡತೊಡಗಿದವು. ಇವರಿಗೆ ವಾಹನ ಇಲ್ಲ. ಆಸ್ಪತ್ರೆಯ ಸಾಮಾನನ್ನೆಲ್ಲ ಅಲ್ಲೇ ನಾಶಮಾಡಿ ಬರಬೇಕೆಂದು ಹುಕುಂ ಬಂತು.

ಸಾಮಾನು ಬಿಟ್ಟರೆ ನಾಳೆ ಆಪರೇಷನ್ ಮಾಡುವುದು ಯಾತರಿಂದ? ಹುಡುಕಾಡಿದಾಗ ರೈಲು ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಹಳೆಯ ಉಗಿ ಇಂಜಿನ್ನು, ಕೆಲವು ಡಬ್ಬಿಗಳು ಸಿಕ್ಕವು. ಜವಾನರಲ್ಲಿ ಇಂಜಿನ್ ನಡೆಸಬಲ್ಲವರು ಇದ್ದರು. ಬಾಯ್ಲರಿಗೆ ನೀರು ಬೇಕು. ಸಾಲಾಗಿ ನಿಂತು, ಗಣೇಶನ ಹಬ್ಬದಲ್ಲಿ ನಾವು ಬಾವಿಯಿಂದ ಕೊಡ ದಾಟಿಸುತ್ತಿದ್ದೆವಲ್ಲ ಹಾಗೆ, ಬಕೆಟ್ಟಿನಲ್ಲಿ ಕೈಯಿಂದ ಕೈಗೆ ನೀರು ದಾಟಿಸಿ ತುಂಬಿಸಿದರು. ಸೇತುವೆಗಳನ್ನು ಸ್ಫೋಟಿಸುವ ಮುನ್ನವೇ ಸಾಮಾನು ಸಮೇತ ನದಿ ದಾಟಿಬಿಟ್ಟರು. ನಮ್ಮ ಆಫೀಸಿನಲ್ಲಾದರೆ ಆ ಇಂಜಿನ್ ಮುಟ್ಟುವ ಮೊದಲು ಮೂರು ಮೀಟಿಂಗ್ ಆಗುತ್ತಿದ್ದವು. ಈಗ ಹೇಳಿ, ಅದು ತಲೆ ಇಲ್ಲದವರ ಕೆಲಸವೇ?

ಮುಂದೆ 1951ರ ಮಾರ್ಚ್ 23ರಂದು ಮುನ್ಸಾನ್‌ನಿ ಎಂಬಲ್ಲಿ ಅಮೆರಿಕದ ಪ್ಯಾರಾ ಸೈನಿಕರು ಆಕಾಶದಿಂದ ಇಳಿದಾಗ ಅವರ ಜೊತೆ ಈ ಘಟಕದ ಹನ್ನೆರಡು ಮಂದಿ ಜಿಗಿದರು. ಜಿಗಿದದ್ದು ಗಾಯಗೊಂಡವರಿಗೆ ಅಲ್ಲೇ ಚಿಕಿತ್ಸೆ ಕೊಡಲು. ರಂಗರಾಜ್ ಅವರಿಗೂ ಮಹಾವೀರ ಚಕ್ರ ಬಂತು. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಘಟಕ ಕೊರಿಯಾದಲ್ಲಿತ್ತು.

ಹಾಜಿ ಪೀರ್ ಕಣಿವೆಯ ಹೆಸರು ಹಿರಿಯರು ಕೇಳಿರುತ್ತೀರಿ. 1965ರ ಆಗಸ್ಟ್‌ನಲ್ಲಿ ಮೇಜರ್ ರಂಜಿತ್ ಸಿಂಗ್ ದಯಾಲ್ 1 ಪ್ಯಾರಾದ ತುಕಡಿಯೊಡನೆ ಮಳೆಯಲ್ಲಿ ರಾತ್ರಿಯಿಡೀ ಕಡಿದಾದ ಗುಡ್ಡ ಹತ್ತಿ, 28ರ ಬೆಳಿಗ್ಗೆ ಅದನ್ನು ವಶಪಡಿಸಿಕೊಂಡರು. ತಾಷ್ಕೆಂಟ್ ಒಪ್ಪಂದದಲ್ಲಿ ಅದನ್ನು ವಾಪಸು ಕೊಟ್ಟೆವು, ಅದು ಬೇರೆ ಚರ್ಚೆ. 1971ರ ಡಿಸೆಂಬರ್ 11ರಂದು ಲೆಫ್ಟಿನೆಂಟ್ ಕರ್ನಲ್ ಕುಲ್ವಂತ್ ಸಿಂಗ್ ಪನ್ನು ಅವರ 2 ಪ್ಯಾರಾ, ಅದೇ ಬೆಳಗಾವಿ ಮೂಲದ್ದು, ಈಗಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಇಳಿದು ಪೂಂಗ್ಲಿ ಸೇತುವೆ ಹಿಡಿಯಿತು. ಢಾಕಾದ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಪಡೆಗೆ ದಾರಿ ಮುಚ್ಚಿತು. ಗಾಳಿಗೆ ಚೆದುರಿ ಗದ್ದೆ, ಕೆರೆಗಳಲ್ಲಿ ಬಿದ್ದ ಸಾಮಾನನ್ನು ಹೊತ್ತು ತಂದುಕೊಟ್ಟವರು ಅಲ್ಲಿನ ಹಳ್ಳಿಗರು.

ಈಗ ಮಕ್ಕಳಿಗೆ ಗೊತ್ತಿರುವುದು ಪ್ಯಾರಾ ಎಸ್‌ಎಫ್, ಅಂದರೆ ವಿಶೇಷ ಪಡೆ. 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಕಟ್ಟಿದ ಮೇಘದೂತ್ ಪಡೆಯೇ ಅದರ ಬೀಜ. ಮರುವರ್ಷ 9 ಪ್ಯಾರಾ ಕಮಾಂಡೊ ಹುಟ್ಟಿತು. ಮೊಬೈಲಿನಲ್ಲಿ ಗಾಜು ಅಗಿಯುವ ವಿಡಿಯೊ ನೋಡಿ ನಮ್ಮ ಹುಡುಗರು ಅದೇ ಪ್ಯಾರಾ ಎಂದುಕೊಂಡಿದ್ದಾರೆ. ಅಲ್ಲಿಯದು ಅದೊಂದು ಸಂಪ್ರದಾಯ, ಅಷ್ಟೆ. ನಿಜವಾದ ವಿಷಯ ಅದರ ಮುಂಚಿನ ತಿಂಗಳುಗಳ ಪರೀಕ್ಷೆ. ನಿದ್ದೆ ಕೆಡಿಸಿ, ಭಾರ ಹೊರಿಸಿ, ಹಸಿವಿನಲ್ಲಿ ಲೆಕ್ಕ ಕೇಳುತ್ತಾರೆ, ನಕ್ಷೆ ಓದಿಸುತ್ತಾರೆ, ನೋಡಿದ್ದನ್ನು ನೆನಪಿನಿಂದ ಹೇಳಿಸುತ್ತಾರೆ. ಬಂದವರಲ್ಲಿ ಹೆಚ್ಚಿನವರು ತಮ್ಮ ಹಳೆಯ ಘಟಕಕ್ಕೆ ಮರಳುತ್ತಾರೆ. ಮರಳಿದವನು ಸೈನಿಕನಾಗಿಯೇ ಇರುತ್ತಾನೆ. ಉಳಿದವನ ಎದೆಗೆ 'ಬಲಿದಾನ' ಎಂದು ಬರೆದ ಬಿಲ್ಲೆ.

ಒಂದು ಕಹಿಯನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮ ಸಮಾಜದ ಮೇಷ್ಟ್ರು ಒಪ್ಪುವುದಿಲ್ಲ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್ ಬಳಿ, ಉಗ್ರರೆಂದು ತಪ್ಪು ತಿಳಿದು, ಗಣಿ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ಆರು ಕೂಲಿಗಳನ್ನು ಇದೇ ರೆಜಿಮೆಂಟಿನ ಒಂದು ತಂಡ ಗುಂಡಿಟ್ಟು ಕೊಂದಿತು. ಆಮೇಲಿನ ಗಲಭೆಯಲ್ಲಿ ಇನ್ನಷ್ಟು ಜನ ಸತ್ತರು. ಕೂಲಿ ಮುಗಿಸಿ ಟೆಂಪೊದಲ್ಲಿ ಬರುವವರು ನಮ್ಮ ಊರಿನಲ್ಲೂ ದಿನಾ ಸಂಜೆ ಇರುತ್ತಾರೆ. ಆಯ್ದ ಪಡೆ ಅಂದಮೇಲೆ ಅದರ ತಪ್ಪನ್ನು ಇನ್ನೂ ಬಿಗಿಯಾಗಿ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಉಸ್ಮಾನ್ ಹೆಸರು ಹೇಳುವ ಬಾಯಲ್ಲೇ ಓಟಿಂಗ್ ಹೆಸರನ್ನೂ ಹೇಳಬೇಕು.

ಇನ್ನು ನಮ್ಮ ಮೈದಾನದ ವಿಷಯ. ಬೆಳಗಿನ ಐದಕ್ಕೆ ಇಲ್ಲಿ ಹುಡುಗರು ಓಡುವುದನ್ನು ನಿನ್ನೆ ನೋಡಿದೆ. 1,600 ಮೀಟರ್ ಓಟ, ಬೀಮ್, ಒಂಬತ್ತು ಅಡಿಯ ಹಳ್ಳ ಜಿಗಿತ, ಎಲ್ಲ ಮಾಡುತ್ತಿದ್ದಾರೆ. ಆದರೆ 2023ರಿಂದ ಅಗ್ನಿವೀರ್ ಭರ್ತಿಯಲ್ಲಿ ಮೊದಲು ಬರುವುದು ಓಟವಲ್ಲ, ಕಂಪ್ಯೂಟರಿನ ಮೇಲೆ ಬರೆಯುವ ಪರೀಕ್ಷೆ. ಗಣಿತ, ವಿಜ್ಞಾನ, ಸಾಮಾನ್ಯ ಜ್ಞಾನ. ಅದರಲ್ಲಿ ಪಾಸಾದವನಿಗೇ ಓಡುವ ಅವಕಾಶ. ಓದು ಬಿಟ್ಟು ಓಡಿದರೆ ಮೈದಾನದವರೆಗೂ ಮುಟ್ಟುವುದಿಲ್ಲ. ಮತ್ತೊಂದು: ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಆಮೇಲೆ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರನ್ನು ಉಳಿಸಿಕೊಳ್ಳುತ್ತಾರೆ. ಅಂದರೆ ಇವರಲ್ಲಿ ಹೆಚ್ಚಿನವರು ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಊರಿಗೆ ಬರುತ್ತಾರೆ. ಹಿರಿಯರೇ, ಆಗ ಕಟ್ಟೆಯ ಮೇಲೆ "ಯಾಕ ಹೊರಗ ಹಾಕಿದ್ರು?" ಎಂದು ಕೇಳಬೇಡಿ. ಕೈಮುಗಿದು ಕೇಳುತ್ತೇನೆ.

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ನಾಲ್ಕು ಯಂತ್ರ ನಡೆಯುತ್ತಿವೆ, ನೋಡಿ ಬಂದೆ. ಆ ಪರೀಕ್ಷೆಯ ಮಾದರಿಯಲ್ಲೇ ಕನ್ನಡದಲ್ಲಿ ಅಭ್ಯಾಸ ಪತ್ರಿಕೆ ಮಾಡಿ ಅವುಗಳಿಗೆ ಹಾಕಿಕೊಡುತ್ತೇನೆ. ಗಣಿತದ ಅಕ್ಕೋರು ಭಾನುವಾರ ಎರಡು ತಾಸು ಕೊಡಲು ಒಪ್ಪಿದ್ದಾರೆ. ರಜೆಯಲ್ಲಿ ಬಂದಾಗ ಓಟ ಮಾಡಿಸುವುದು ನನ್ನ ಆ ನಾಲ್ವರು ಗೆಳೆಯರ ಪಾಲು. ಅವರಲ್ಲಿ ಒಬ್ಬ ಇವತ್ತು ಇಲ್ಲೇ, ಹಿಂದಿನ ಸಾಲಿನಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದಾನೆ. ಸಮಿತಿಯವರು ಅವನನ್ನು ಮೇಲೆ ಕರೆಯಬೇಕು, ನನಗೆ ಹೊದಿಸಿದ ಶಾಲು ಇಲ್ಲೇ ಇದೆ. ಹೆಸರು ಕೊಡುವ ಹುಡುಗರು, ಹುಡುಗಿಯರೂ ಸೇರಿ, ಊಟವಾದ ಮೇಲೆ ಅವನ ಹತ್ತಿರ ಬರೆಸಿ.