ಆಗಸ್ಟ್ 14ರ ಆ ಹೆಸರುಗಳು



ಬೆಂಗಳೂರಿನ ಆಫೀಸಿನಲ್ಲಿ ನಾನು ಹನೂರು ಕಡೆಯವನು ಎಂದರೆ ಎಲ್ಲರೂ ಕೇಳುವುದು ವೀರಪ್ಪನ್ ಬಗ್ಗೆ. ಅವನನ್ನು ಹಿಡಿಯಲು ಹೋದವರ ಹೆಸರು ಯಾರೂ ಕೇಳುವುದಿಲ್ಲ.

1992ರ ಮೇ ತಿಂಗಳಲ್ಲಿ ಅವನ ತಂಡ ನಮ್ಮ ರಾಮಾಪುರ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದಿತು. ಆಗಸ್ಟ್ 14ರಂದು, ಸಿಕ್ಕ ಸುಳಿವು ನಂಬಿ ಮೀಣ್ಯಂ ಕಾಡಿಗೆ ಹೊರಟ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ನಾಲ್ವರು ಸಿಬ್ಬಂದಿ ಹೊಂಚುದಾಳಿಗೆ ಬಲಿಯಾದರು. ಬೆಳಗಾದರೆ ಸ್ವಾತಂತ್ರ್ಯ ದಿನ.

2000ದಲ್ಲಿ ಅಣ್ಣಾವ್ರ ಅಪಹರಣವಾಯಿತು. ಅವರನ್ನು ಬಿಡಿಸಲು ಸರ್ಕಾರ ಟಾಡಾ ಕೈದಿಗಳ ಮೇಲಿನ ಮೊಕದ್ದಮೆ ಕೈಬಿಡಲು ಹೊರಟಾಗ, ಶಕೀಲರ ತಂದೆ, ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನಾಡೆಲ್ಲ ಅಣ್ಣಾವ್ರಿಗಾಗಿ ಹರಕೆ ಹೊತ್ತಿದ್ದಾಗ ಹಾಗೆ ಒಬ್ಬರೇ ನಿಲ್ಲಲು ಎಂಥ ಎದೆಗಾರಿಕೆ ಬೇಕು! ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು. ಅಣ್ಣಾವ್ರೂ 108 ದಿನಗಳ ನಂತರ ಕ್ಷೇಮವಾಗಿ ಬಂದರು. ಮರುವರ್ಷ ವಿಚಾರಣೆ ಮುಗಿದು ಆ ಕೈದಿಗಳಲ್ಲಿ ಹೆಚ್ಚಿನವರು ಖುಲಾಸೆಯಾದರು. ಅವರಲ್ಲಿ ನಮ್ಮ ಕಾಡಂಚಿನ ಬಡವರಿದ್ದರು. ತಪ್ಪಿತಸ್ಥರು ಯಾರು, ನಿರಪರಾಧಿಗಳು ಯಾರು ಎಂದು ಹೇಳಿದ್ದು ನ್ಯಾಯಾಲಯ, ಬಂದೂಕಲ್ಲ.

ಮೇಷ್ಟ್ರೇ, ನನ್ನದೊಂದು ಕೋರಿಕೆ. ಪ್ರತಿ ವರ್ಷ ಧ್ವಜ ಹಾರಿಸುವ ಮುನ್ನ ಹಿಂದಿನ ದಿನ ಮಡಿದ ಇವರನ್ನೂ ಮಕ್ಕಳಿಗೆ ನೆನಪಿಸಿ. ನಮ್ಮ ಸೀಮೆಗೆ ಇವರೂ ಗುರುತಾಗಲಿ.