ಗೋಡೆಯ ಮೇಲಿನ ಭೂಪಟ



ಊರಿಗೆ ಹೊರಡುವಾಗ ನಾವು ರೈಲು ಹತ್ತುವ ಹೌರಾ ನಿಲ್ದಾಣಕ್ಕೆ 1986ರಲ್ಲಿ ಐದು ವರ್ಷದ ಹುಡುಗನೊಬ್ಬ ಬಂದಿಳಿದ. ಬುರ್ಹಾನ್‌ಪುರದಲ್ಲಿ ನಿಂತಿದ್ದ ರೈಲು ಹತ್ತಿ ನಿದ್ದೆಹೋದವನು. ತನ್ನೂರಿನ ಹೆಸರನ್ನೂ ಸರಿಯಾಗಿ ಹೇಳಲಾರದ ವಯಸ್ಸು. ಕೆಲವು ವಾರ ಬೀದಿಯಲ್ಲಿ ಅಲೆದು, ಅನಾಥಾಲಯ ಸೇರಿ, 1987ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನ ಬ್ರಯರ್ಲಿ ದಂಪತಿಗೆ ದತ್ತುಮಗನಾದ. ಅವನೇ ಸರೂ. ‘ಲಯನ್’ ಸಿನಿಮಾ ಅವನದೇ ಕಥೆ.

ಅದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಸಾಕುತಾಯಿ ಸ್ಯೂ ಮಾಡಿದ ಒಂದು ಸಣ್ಣ ಕೆಲಸ. ಮಗನ ಕೋಣೆಯ ಗೋಡೆಗೆ ಆಕೆ ಭಾರತದ ಭೂಪಟ ಹಾಕಿದ್ದರು. ಹಳೆಯದನ್ನು ಮರೆತರಷ್ಟೇ ನೀನು ನಮ್ಮವನು ಎಂಬ ಷರತ್ತು ಅಲ್ಲಿರಲಿಲ್ಲ.

ನಮ್ಮಲ್ಲಿ? “ಮಗುವಿಗೆ ಗೊತ್ತಾಗಬಾರದು” ಎನ್ನುತ್ತೇವೆ. ಮದುವೆಮನೆಯಲ್ಲಿ ನಾವೇ ಪಿಸುಗುಟ್ಟುತ್ತೇವೆ. ಅಪ್ಪ ಅಮ್ಮನಿಂದ ತಿಳಿಯಬೇಕಾದದ್ದು ಕಂಡವರ ಬಾಯಿಂದ ತಿಳಿದರೆ ಆ ಮಗು ಯಾರನ್ನು ನಂಬಬೇಕು? ದತ್ತು ಕೊಟ್ಟ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೇಗಿದೆಯೆಂದು ನೋಡಬೇಕೆಂಬ ನಿಯಮವಿದೆ. ಆಮೇಲೆ ನೋಡಬೇಕಾದವರು ನೆಂಟರಿಷ್ಟರಾದ ನಾವು.

2012ರಲ್ಲಿ ಸರೂ ಖಂಡ್ವಾಕ್ಕೆ ಬಂದು ಹೆತ್ತ ತಾಯಿಯನ್ನು ಕಂಡ. ಮತ್ತೆ ಹೋಬಾರ್ಟ್‌ಗೆ ಮರಳಿದ. ಸ್ಯೂ ಮಗನನ್ನು ಕಳೆದುಕೊಳ್ಳಲಿಲ್ಲ. ಕನ್ನಡ ಬಿಡದೆಯೇ ಕೋಲ್ಕತ್ತದವರಾದ ನಮಗೆ ಇದು ಅರ್ಥವಾಗದ ಮಾತಲ್ಲ.

ನಮ್ಮ ಬಳಗದಲ್ಲಿ ದತ್ತುಮಗುವಿದ್ದರೆ, “ಯಾರ ಹೋಲಿಕೆ?” ಎನ್ನಬೇಡಿ. “ಯಾವ ಕ್ಲಾಸು, ಪುಟ್ಟಾ?” ಎಂದು ಕೇಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.