ವಿಮಾನ ಕಂಪನಿಯ ದಿವಾಳಿ: ದುಡಿದವನ ಬಾಕಿ ಯಾರ ಲೆಕ್ಕಕ್ಕೆ?

(ಕೊಟ್ಟೂರಿನಲ್ಲಿ ಗಿರಣಿ ಕೆಲಸಗಾರರೂ ಚಿಲ್ಲರೆ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಸ್ಸು ಹಿಡಿದು ಬಂದಿರುವ ನಿಮ್ಮೆದುರು ನಾವು ವಿಮಾನದ ಮಾತು ತೆಗೆದರೆ ನಿಮಗೆ ನಗು ಬಂದೀತು. ನಮ್ಮ ಪೈಕಿ ವಿಮಾನವೇರಿದವರು ಎಷ್ಟು ಮಂದಿ? ಹೊಸಪೇಟೆಗೂ ಕೊಟ್ಟೂರಿಗೂ ನಡುವೆ ಪ್ರಯಾಣಿಕರ ರೈಲು ಓಡುವುದನ್ನು ಕಾಣಲಿಕ್ಕೇ ನಾವು 2019ರ ತನಕ ಕಾದವರು. ಮಳೆ ಕೈಕೊಟ್ಟ ವರ್ಷ ಗಂಟು ಕಟ್ಟಿಕೊಂಡು ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಗುಳೆ ಹೋಗುವ ಸೀಮೆ ನಮ್ಮದು. ಆಕಾಶದಲ್ಲಿ ಹಾರುವುದರ ಚಿಂತೆ ನಮಗೇಕೆ ಎಂದು ನೀವು ಕೇಳಬಹುದು.

ಕಾರಣವಿದೆ. ವಿಮಾನ ಕಂಪನಿ ಮುರಿದಾಗ ಅದರ ನೌಕರರಿಗೆ ಏನಾಯಿತೋ ಅದೇ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಮ್ಮವರಿಗೆ ಆಯಿತು. 1960ರಲ್ಲಿ ಹುಟ್ಟಿ ನಾಡಿನ ಅಣೆಕಟ್ಟುಗಳಿಗೆ ಬಾಗಿಲು ಮಾಡಿಕೊಟ್ಟ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು 2015ರ ಡಿಸೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲ ತೀರ್ಮಾನಿಸಿದುದನ್ನು ಕಂಡವರೂ ಈ ಸಭೆಯಲ್ಲಿ ಇದ್ದೀರಿ. ಅಂಗಿಯ ಬಣ್ಣ ಬೇರೆಯಾದ ಮಾತ್ರಕ್ಕೆ ದುಡಿಮೆಯ ಲೆಕ್ಕ ಬೇರೆಯಾಗುವುದಿಲ್ಲ.

ಮೊದಲು ನಡೆದ ಸಂಗತಿಯನ್ನು ಹೇಳುತ್ತೇವೆ. ನಮಗೆ ಹತ್ತಿರದ ವಿಮಾನ ನಿಲ್ದಾಣವೆಂದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರ ವಿದ್ಯಾನಗರ. ಕೇಂದ್ರ ಸರಕಾರದ ಉಡಾನ್ ಯೋಜನೆಯಡಿ 2017ರಲ್ಲಿ ಟ್ರೂಜೆಟ್ ಎಂಬ ಸಂಸ್ಥೆ ಅಲ್ಲಿಗೆ ಹೈದರಾಬಾದಿನಿಂದ ವಿಮಾನ ಹಾರಿಸಲು ತೊಡಗಿತು. 2015ರ ಜುಲೈಯಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸಣ್ಣ ಕಂಪನಿ ಅದು. ಅದರ ಎ.ಟಿ.ಆರ್. 72 ವಿಮಾನವೆಂದರೆ ರೆಕ್ಕೆಯಲ್ಲಿ ಪಂಖ ತಿರುಗುವ, ಸುಮಾರು ಎಪ್ಪತ್ತು ಮಂದಿ ಕೂರುವ ಗಾಡಿ. ಮೈಸೂರಿಗೂ ಅದೇ ಕಂಪನಿ ಬಂದಿತು. 2020ರ ಫೆಬ್ರವರಿಯಲ್ಲಿ ಬೀದರಿನ ನಿಲ್ದಾಣ ತೆರೆದಾಗ ಬೆಂಗಳೂರಿನಿಂದ ಅಲ್ಲಿಗೆ ಹಾರಿದ್ದೂ ಅದೇ.

ಉಡಾನ್ ಯೋಜನೆಯ ಆಗಿನ ಏರ್ಪಾಡು ಹೀಗಿತ್ತು. ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಆಸನಗಳನ್ನು ಸುಮಾರು 2,500 ರೂಪಾಯಿಗೆ ಕೊಡಬೇಕಿತ್ತು. ಅದರಿಂದಾಗುವ ನಷ್ಟವನ್ನು ಮೂರು ವರ್ಷ ಸರಕಾರ ತುಂಬಿಕೊಡುತ್ತಿತ್ತು. ಈ ಹಣದ ಬಹುಪಾಲು ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಹಾಕಿದ ಸುಂಕದಿಂದ ಬರುತ್ತಿತ್ತು. ಐದರಲ್ಲಿ ಒಂದು ಪಾಲನ್ನು ರಾಜ್ಯ ಸರಕಾರ ತನ್ನ ಬೊಕ್ಕಸದಿಂದ ಕೊಡುತ್ತಿತ್ತು. ಎಂದರೆ ವಿಮಾನ ಏರದ ನೀವೂ ನಾವೂ ಅದರ ಖರ್ಚಿಗೆ ಕೈ ಹಾಕಿದ್ದೇವೆ. ನಾವು ಅದನ್ನು ತಪ್ಪೆನ್ನುವುದಿಲ್ಲ. ಹಿಂದುಳಿದ ಸೀಮೆಗೆ ದಾರಿ ಬೇಕು. ಆದರೆ ಸಾರ್ವಜನಿಕರ ಹಣ ಕೊಟ್ಟಾಗ ಅದರ ಜೊತೆ ಕೆಲವು ಷರತ್ತುಗಳೂ ಇರಬೇಕು.

2020ರ ಮಾರ್ಚ್ 25ರಿಂದ ಎರಡು ತಿಂಗಳ ಕಾಲ ದೇಶದೊಳಗಿನ ವಿಮಾನಗಳು ನೆಲ ಹಿಡಿದು ನಿಂತವು. ಕೊರೋನದ ಹೊಡೆತ ಎಲ್ಲರಿಗೂ ಬಿತ್ತು, ಸಣ್ಣವರಿಗೆ ಹೆಚ್ಚಾಗಿ ಬಿತ್ತು. 2021ರ ಕೊನೆಯ ತಿಂಗಳುಗಳಿಂದಲೇ ಟ್ರೂಜೆಟ್ ನೌಕರರಲ್ಲಿ ಅನೇಕರಿಗೆ ಸಂಬಳ ಪೂರ್ತಿಯಾಗಿ ಬಟವಾಡೆಯಾಗುತ್ತಿಲ್ಲವೆಂದು ಪತ್ರಿಕೆಗಳಲ್ಲಿ ವರದಿ ಬಂದಿತು. 2022ರ ಫೆಬ್ರವರಿಯಲ್ಲಿ ಹಾರಾಟ ನಿಂತಿತು. 'ತಾತ್ಕಾಲಿಕ' ಎಂದು ಕಂಪನಿ ಹೇಳಿತು. ಈ 'ತಾತ್ಕಾಲಿಕ' ಎಂಬ ಮಾತಿನ ಅರ್ಥವನ್ನು ಗಿರಣಿಯ ಗೇಟಿಗೆ ನೋಟೀಸು ಅಂಟಿಸಿದ್ದನ್ನು ಓದಿದವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದು ಮೊದಲನೆಯದೂ ಅಲ್ಲ. 2015ರ ಏಪ್ರಿಲಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೊದಲ ವಿಮಾನ ಹಾರಿಸಿದ ಏರ್ ಪೆಗಾಸಸ್ ಎಂಬ ಬೆಂಗಳೂರಿನ ಕಂಪನಿ ವಿಮಾನಗಳ ಬಾಡಿಗೆ ಬಾಕಿಯಲ್ಲಿ ಸಿಕ್ಕಿ 2016ರ ಜುಲೈಗೆ ನಿಂತುಹೋಯಿತು. ಒಂದೂಕಾಲು ವರ್ಷದ ಬಾಳು!

ಏಕೆ ಹೀಗಾಗುತ್ತದೆ? ಇದನ್ನು ಒಕ್ಕಲುತನದ ಮಾತಿನಲ್ಲಿ ಹೇಳಬಹುದು. ಒಬ್ಬ ರೈತನ ಹತ್ತಿರ ಸ್ವಂತ ಎತ್ತಿಲ್ಲ. ಬಾಡಿಗೆ ಎತ್ತು ತಂದಿದ್ದಾನೆ. ಮಳೆ ಬರಲಿ ಬಿಡಲಿ, ಎತ್ತಿನ ಬಾಡಿಗೆ ತಿಂಗಳು ತಿಂಗಳು ಕೊಡಲೇಬೇಕು, ಅದೂ ಹೊರದೇಶದ ನಾಣ್ಯದಲ್ಲಿ. ಮೇವಿನ ಬೆಲೆ ಅವನ ಕೈಯಲ್ಲಿಲ್ಲ. ಬೆಳೆದ ಜೋಳದ ದರವೂ ಅವನ ಕೈಯಲ್ಲಿಲ್ಲ. ಸಣ್ಣ ವಿಮಾನ ಕಂಪನಿಯ ಸ್ಥಿತಿಯೂ ಅಂಥದೇ. ವಿಮಾನ ಬಾಡಿಗೆಯದು, ಲೆಕ್ಕ ಡಾಲರಿನಲ್ಲಿ. ಎಣ್ಣೆಯ ಬೆಲೆ ಜಗತ್ತಿನ ಪೇಟೆಯದು. ಟಿಕೀಟಿನ ಹಣ ಮಾತ್ರ ರೂಪಾಯಿಯಲ್ಲಿ. ಒಂದು ವಿಮಾನ ಕೆಟ್ಟು ನಿಂತರೆ ಅದು ತರಬೇಕಾದ ಹಣ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಆದುದರಿಂದ ಮುಳುಗಿದ ಕಂಪನಿಗಳ ಒಡೆಯರೆಲ್ಲ ಕಳ್ಳರೆಂದು ನಾವು ಹೇಳುವುದಿಲ್ಲ. ವ್ಯಾಪಾರದಲ್ಲಿ ಸೋಲು ಉಂಟು. ನಿಮ್ಮಲ್ಲಿ ಅಂಗಡಿ ಇಟ್ಟವರಿಗೆ ಅದು ಚೆನ್ನಾಗಿ ಗೊತ್ತು. ಸೋತ ಮೇಲೆ ಮಿಕ್ಕಿದ್ದನ್ನು ಹಂಚುವಾಗ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದೇ ನಮ್ಮ ಪ್ರಶ್ನೆ.

ಬಾಡಿಗೆ ಕೊಟ್ಟವನದು ಎಲ್ಲರಿಗಿಂತ ಮೊದಲು ತೀರುತ್ತದೆ. ವಿಮಾನ ಅವನದೇ, ಅದನ್ನು ಬಿಡಿಸಿಕೊಂಡು ಹೋಗುತ್ತಾನೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ಅದರ ವಿಮಾನಗಳು ಒಂದು ವರ್ಷ ಇಲ್ಲೇ ಸಿಕ್ಕಿಬಿದ್ದವು. ಬಾಡಿಗೆಗೆ ಕೊಟ್ಟವರಿಂದ ಕೂಗೆದ್ದಿತು. ಐದೇ ತಿಂಗಳಿಗೆ, ಅಕ್ಟೋಬರಿನಲ್ಲಿ, ಸರಕಾರ ನಿಯಮ ಬದಲಿಸಿತು. 2024ರ ಏಪ್ರಿಲಿನಲ್ಲಿ ದೆಹಲಿ ಹೈಕೋರ್ಟಿನ ಆಜ್ಞೆಯಂತೆ 54 ವಿಮಾನಗಳನ್ನು ಬಿಡಿಸಿಕೊಡಲಾಯಿತು. 2025ರಲ್ಲಿ ಪಾರ್ಲಿಮೆಂಟು ಇದಕ್ಕೆಂದೇ ಕಾಯಿದೆ ಮಾಡಿತು: ಬಾಕಿ ಬಿದ್ದರೆ ಎರಡು ತಿಂಗಳೊಳಗೆ ವಿಮಾನ ಒಡೆಯನ ಕೈ ಸೇರಬೇಕು. ಅವರ ಸೊತ್ತು ಅವರಿಗೆ ಸೇರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಕಬ್ಬಿಣದ ಹಕ್ಕಿಗೆ ಎರಡು ತಿಂಗಳ ಗಡುವು ಹಾಕಬಲ್ಲ ಸರಕಾರ ಮನುಷ್ಯನ ಪಗಾರಕ್ಕೂ ಒಂದು ಗಡುವು ಹಾಕಲಾರದೇ ಎಂದಷ್ಟೇ ಕೇಳುತ್ತೇವೆ.

ನೌಕರನಿಗೆ ಎಷ್ಟು ಕಾಲ ಹಿಡಿಯುತ್ತದೆ? ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಕಂಪನಿಯನ್ನು ನೋಡಿ. 2005ರಲ್ಲಿ ಆಡಂಬರದಿಂದ ಹೊರಟಿತು. ಕ್ಯಾಪ್ಟನ್ ಗೋಪಿನಾಥರು ಸಾಮಾನ್ಯರಿಗಾಗಿ 2003ರಲ್ಲಿ ಕಟ್ಟಿದ್ದ ಏರ್ ಡೆಕ್ಕನ್ನನ್ನೂ ನುಂಗಿತು. 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ನೌಕರರು ಕೆಲಸ ನಿಲ್ಲಿಸಿದರು. ಅಕ್ಟೋಬರಿನಲ್ಲಿ ಲೈಸೆನ್ಸು ಅಮಾನತಾಯಿತು. ನೌಕರರ ಸಂಬಳದಿಂದ ಮುರಿದುಕೊಂಡ ಆದಾಯ ತೆರಿಗೆಯನ್ನೂ ಸರಕಾರಕ್ಕೆ ಕಟ್ಟಿರಲಿಲ್ಲ. ಒಡೆಯರಾದ ವಿಜಯ ಮಲ್ಯರು 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. 'ಉಂಡೂ ಹೋದ, ಕೊಂಡೂ ಹೋದ' ಎಂಬ ನಮ್ಮ ಗಾದೆ ನೆನಪಾಗುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಪನಿಯನ್ನು ಮುಚ್ಚಿಸಿತು. ಬ್ಯಾಂಕುಗಳ ಕೈಗೆ 14,131 ಕೋಟಿ ರೂಪಾಯಿ ಮರಳಿ ಬಂದಿದೆಯೆಂದು ಅರ್ಥಮಂತ್ರಿಗಳು 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದರು. ನೌಕರರ ಬಾಕಿಗೆಂದು ಸುಮಾರು 312 ಕೋಟಿ ರೂಪಾಯಿ ಬಿಡುಗಡೆಯಾದುದು 2025ರ ಡಿಸೆಂಬರಿನಲ್ಲಿ. ಹದಿಮೂರು ವರ್ಷ! ಸಂಬಳ ನಿಂತ ವರ್ಷ ಹುಟ್ಟಿದ ಕೂಸು ಹೈಸ್ಕೂಲಿನ ಮೆಟ್ಟಿಲು ಹತ್ತುವಷ್ಟು ಕಾಲ.

ಇನ್ನು ಕಾಯಿದೆ ಏನು ಹೇಳುತ್ತದೆ? 2016ರ ದಿವಾಳಿ ಸಂಹಿತೆಯ 53ನೆಯ ಕಲಮು ಒಂದು ಸಾಲು ಹಾಕಿಟ್ಟಿದೆ. ಮೊದಲು ದಿವಾಳಿ ನಡೆಸುವವರ ಖರ್ಚು. ಎರಡನೆಯದಾಗಿ ಅಡವು ಹಿಡಿದು ಸಾಲ ಕೊಟ್ಟವರು, ಅವರ ಸರಿಸಮಕ್ಕೆ ಕಾರ್ಮಿಕರ 24 ತಿಂಗಳ ಬಾಕಿ. ಮೂರನೆಯದಾಗಿ ಕಾರ್ಮಿಕರಲ್ಲದ ಇತರ ನೌಕರರ 12 ತಿಂಗಳ ಸಂಬಳ. ನಾಲ್ಕನೆಯದಾಗಿ ಅಡವಿಲ್ಲದೆ ಹಣ ಸಾಲ ಕೊಟ್ಟವರು. ಐದನೆಯದಾಗಿ ಸರಕಾರದ ಬಾಕಿ. ಆಮೇಲೆ 'ಉಳಿದ ಬಾಕಿಗಳು'. ವ್ಯಾಪಾರಿ ಬಂಧುಗಳೇ, ಆ 'ಉಳಿದ' ಎಂಬ ಮಾತಿನೊಳಗೆ ಇರುವವರು ನೀವು. ಕ್ಯಾಂಟೀನಿಗೆ ಅಕ್ಕಿ ಬೇಳೆ ಕೊಟ್ಟವನು, ನೌಕರರನ್ನು ಸಾಗಿಸಿದ ಟ್ಯಾಕ್ಸಿಯವನು, ಬಟ್ಟೆ ಒಗೆದುಕೊಟ್ಟವನು, ಅಚ್ಚಿನ ಕೆಲಸ ಮಾಡಿದವನು, ಎಲ್ಲರೂ ಅಲ್ಲಿಯೇ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬುದಕ್ಕೆ ಕಾಯಿದೆಯ ಮುದ್ರೆಯೇ ಬಿದ್ದಂತಾಗಿದೆ.

ಇನ್ನೊಂದು ಗಂಟು ಕೇಳಿ. ಬಾಕಿ ಕೊಡದ ಕಂಪನಿಯನ್ನು ನ್ಯಾಯಮಂಡಳಿಗೆ ಎಳೆಯಲು ಮೊದಲು ಒಂದು ಲಕ್ಷ ರೂಪಾಯಿ ಬಾಕಿಯಿದ್ದರೆ ಸಾಕಾಗಿತ್ತು. 2020ರ ಮಾರ್ಚಿನಲ್ಲಿ ಅದನ್ನು ಒಂದು ಕೋಟಿಗೆ ಏರಿಸಿದರು. ಕೊರೋನ ಕಾಲದಲ್ಲಿ ಸಣ್ಣ ಉದ್ಯಮಗಳನ್ನು ಉಳಿಸಲಿಕ್ಕೆಂದು ಕಾರಣ ಕೊಟ್ಟರು. ಆದರೆ ಕೊಟ್ಟೂರಿನ ಯಾವ ಅಂಗಡಿಯವನಿಗೆ ಒಬ್ಬನೇ ಗಿರಾಕಿಯಿಂದ ಒಂದು ಕೋಟಿ ಬರಬೇಕಾಗಿದೆ? ಯಾವ ಮೆಕ್ಯಾನಿಕನ ಸಂಬಳ ಒಂದು ಕೋಟಿ ಬಾಕಿಯಿದೆ? ಸಣ್ಣವರಿಗೆಂದು ಹಾಕಿದ ಬಾಗಿಲು ಸಣ್ಣವರ ಮುಖಕ್ಕೇ ಬಡಿಯಿತು.

'ಬ್ಯಾಂಕಿನ ಹಣವೂ ಜನರ ಹಣವೇ. ಕೂಲಿಯನ್ನು ಮುಂದಕ್ಕೆ ತಂದರೆ ಬ್ಯಾಂಕು ಸಾಲ ಕೊಡುವುದೇ ನಿಂತೀತು' ಎನ್ನುವವರಿದ್ದಾರೆ. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ಸಾಲ ಕೊಡುವ ಮುನ್ನ ಬ್ಯಾಂಕು ಕಂಪನಿಯ ಲೆಕ್ಕಪುಸ್ತಕ ತೆರೆದು ನೋಡುತ್ತದೆ, ಅಡವು ಹಿಡಿಯುತ್ತದೆ, ಬಡ್ಡಿ ಹಾಕುತ್ತದೆ. ನೌಕರನೂ ಸಾಲ ಕೊಡುತ್ತಾನೆಂಬುದನ್ನು ಯಾರೂ ನೆನೆಯುವುದಿಲ್ಲ. ಮೂವತ್ತು ದಿನ ಮುಂಚಿತವಾಗಿ ದುಡಿದು ಆಮೇಲೆ ಕೈಯೊಡ್ಡುತ್ತಾನೆ. ಅದು ತಿಂಗಳ ಸಾಲವಲ್ಲವೆ? ಅದಕ್ಕೆ ಪತ್ರವಿಲ್ಲ, ಅಡವಿಲ್ಲ, ಬಡ್ಡಿಯಿಲ್ಲ. ಅಂಗಡಿಯವನ ಉದ್ರಿಯೂ ಹಾಗೆಯೇ. ಮೇಲಾಗಿ ನೌಕರನಿಗೆ ಪಗಾರ ತಪ್ಪಿದ ತಿಂಗಳು ಅವನ ಮನೆಯ ಒಲೆ ಉರಿಯುವುದು ಕಿರಾಣಿ ಅಂಗಡಿಯ ಖಾತೆಯಿಂದ. ಕಂಪನಿಯ ದಿವಾಳಿ ಹೀಗೆ ನೌಕರನ ಕೈ ದಾಟಿ ನಿಮ್ಮ ಖಾತೆ ಪುಸ್ತಕದೊಳಕ್ಕೆ ಬರುತ್ತದೆ. ಆದ್ದರಿಂದ ಗಿರಣಿಯವರೂ ಅಂಗಡಿಯವರೂ ಈ ಹೊತ್ತು ಒಂದೇ ಜಮಖಾನೆಯ ಮೇಲೆ ಕುಳಿತಿರುವುದು ಯೋಗ್ಯವಾಗಿಯೇ ಇದೆ.

ಕತ್ತಲೆಯೇ ಎಲ್ಲ ಅಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ಸಾವಿರಾರು ನೌಕರರು ಬೀದಿಗೆ ಬಿದ್ದರು. ಅವರು ಸಂಘ ಕಟ್ಟಿ ಹೊಡೆದಾಡಿದರು. ಪ್ರಾವಿಡೆಂಟ್ ಫಂಡು, ಗ್ರಾಚುಯಿಟಿಗಳನ್ನು ಕೊಡಲೇಬೇಕೆಂದು 2022ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಂಪನಿ ಉಳಿಯಲಿಲ್ಲ, 2024ರ ನವೆಂಬರಿನಲ್ಲಿ ಅದನ್ನು ಮಾರಿ ಮುಗಿಸಲು ಆಜ್ಞೆಯಾಯಿತು. ಆದರೆ ಫಂಡಿನ ಹಣ ಸಾಲ ಕೊಟ್ಟವರ ರಾಶಿಗೆ ಸೇರತಕ್ಕದ್ದಲ್ಲ, ಅದು ದುಡಿದವನದು ಎಂಬ ಮಾತು ಗಟ್ಟಿಯಾಯಿತು. ಕೇಳಿದವರಿಗೆ ಸಿಕ್ಕಿದ ತೀರ್ಪು ಅದು.

ಹಾಗಾದರೆ ನಾವು ಕೇಳತಕ್ಕದ್ದೇನು? ಮೊದಲನೆಯದು: ಜನರ ಹಣದಿಂದ ನೆರವು ಪಡೆಯುವ ಯಾವ ಕಂಪನಿಗೇ ಆಗಲಿ, ಹಿಂದಿನ ತಿಂಗಳ ಸಂಬಳ ಬಟವಾಡೆಯಾಗಿದೆಯೆಂಬ ದಾಖಲೆ ಕಂಡ ಮೇಲೆಯೇ ಮುಂದಿನ ಕಂತು ಕೊಡಬೇಕು. ಎರಡನೆಯದು: ಲೈಸೆನ್ಸು ಕೊಡುವಾಗಲೇ ಮೂರು ತಿಂಗಳ ಸಂಬಳದಷ್ಟು ಹಣವನ್ನು ಕಂಪನಿ ಮುಟ್ಟಲಾಗದಂತೆ ಠೇವಣಿ ಇಡಿಸಬೇಕು. ಮೂರನೆಯದು: ಕೂಲಿಯ ಬಾಕಿಗೂ ಚಿಲ್ಲರೆ ವ್ಯಾಪಾರಿಯ ಬಾಕಿಗೂ ಒಂದು ಕೋಟಿಯ ಹೊಸ್ತಿಲು ಇರಬಾರದು. ನಾಲ್ಕನೆಯದು: ಸಾಲಿನಲ್ಲಿ ಸಣ್ಣ ವ್ಯಾಪಾರಿ ಸರಕಾರಕ್ಕಿಂತ ಮುಂದೆ ನಿಲ್ಲಬೇಕು. ಸರಕಾರ ಒಂದು ವರ್ಷ ಕಾಯಬಲ್ಲದು, ಅಂಗಡಿ ಕಾಯಲಾರದು.

ಕಾಯಿದೆ ಬದಲಾಗುವ ತನಕ ಕೈಕಟ್ಟಿ ಕೂಡಬೇಕಾಗಿಲ್ಲ. ಗಿರಣಿಯವರು ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ. ನಿಮ್ಮಿಂದ ಮುರಿದ ಫಂಡಿನ ಹಣ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ಪಾಸ್‌ಬುಕ್ಕು ತೆಗೆಸಿ ನೋಡಿ. ಮುರಿದು ಕಟ್ಟದಿರುವುದು ನಂಬಿಕೆದ್ರೋಹದ ಅಪರಾಧ. ವ್ಯಾಪಾರಿಗಳು ದೊಡ್ಡ ಹೆಸರು ಕಂಡು ಬಾಯಿಮಾತಿನ ಮೇಲೆ ಸರಕು ಬಿಡಬೇಡಿ. ಬಿಲ್ಲು ಬರೆದು ಸಹಿ ಹಾಕಿಸಿ. ಕಂಪನಿ ಮುಚ್ಚಿ ಲಿಕ್ವಿಡೇಟರು ನೋಟೀಸು ಹೊರಡಿಸಿದರೆ ಗಡುವಿನೊಳಗೆ ನಿಮ್ಮ ಹಕ್ಕು ಬರೆಸಿ. ಒಬ್ಬೊಬ್ಬರಾಗಿ ಹೋಗಬೇಡಿ, ಕೂಡಿ ಹೋಗಿ.

ಕೊನೆಯದಾಗಿ ಒಂದು ಮಾತು. ವಿದ್ಯಾನಗರದ ನಿಲ್ದಾಣಕ್ಕೆ ಆಮೇಲೆ ಬೇರೆ ಕಂಪನಿಗಳ ವಿಮಾನ ಬಂದವು. ಬೀದರಿಗೂ ಬಂದವು. ಆ ದಾರಿ ಬೇಕಾದ ದಾರಿಯೇ ಆಗಿತ್ತು, ಆ ಕೆಲಸ ಬೇಕಾದ ಕೆಲಸವೇ ಆಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬೇಕಾದ ಕೆಲಸವನ್ನು ಮಾಡಿದವರ ಕೂಲಿ ಬಾಕಿ ಉಳಿಸುವ ಹಕ್ಕು ಯಾರಿಗೂ ಇಲ್ಲ. ಇಷ್ಟನ್ನು ನಿಮ್ಮ ಊರಿಗೆ ಹೋಗಿ, ಸಂತೆಯಲ್ಲಿ, ಗಿರಣಿಯ ಗೇಟಿನಲ್ಲಿ ನಾಲ್ಕು ಜನಕ್ಕೆ ಹೇಳಿರೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.